‘ಏನೂ ಆಗಲ್ಲ’ ಅಂದವಳು ನಾನೇ

ಮಂಡ್ಯ ಜಿಲ್ಲಾಧಿಕಾರಿಗಳಿಗೆ ನಿವೃತ್ತ ನರ್ಸಮ್ಮನೊಬ್ಬಳ ಬಹಿರಂಗ ಪತ್ರ

ಮಾನ್ಯರೇ,

ಲಸಿಕೆಯ ಜಿಲ್ಲಾ ಟಾಸ್ಕ್ ಫೋರ್ಸ್ ಸಭೆಗೆ ನೀವೇ ಅಧ್ಯಕ್ಷರು. ಮೇಜಿನ ಸುತ್ತ ಆರೋಗ್ಯಾಧಿಕಾರಿಗಳು, ಶಾಲೆಗಳ ಕಡೆಯ ಬಿಇಒ, ಅಂಗನವಾಡಿಗಳ ಕಡೆಯ ಸಿಡಿಪಿಒ ಎಲ್ಲ ಕೂತಿರುತ್ತಾರೆ. ಸೂಜಿ ಹಿಡಿಯುವವರು ಮಾತ್ರ ಅಲ್ಲಿರುವುದಿಲ್ಲ. ಈ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ 31 ವರ್ಷ ಸೂಜಿ ಹಿಡಿದವಳು ನಾನು. ಕೆಲಸಕ್ಕೆ ಸೇರಿದಾಗ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಆಮೇಲೆ ಇಲಾಖೆ ನಮ್ಮನ್ನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮಾಡಿತು. ಊರಿನವರ ನಾಲಿಗೆಗೆ ಎರಡೂ ಹೊರಳಲಿಲ್ಲ, ನರ್ಸಮ್ಮ ಅಂತಲೇ ಹಾರ ಹಾಕಿ ಕಳಿಸಿಕೊಟ್ಟರು. ನಿವೃತ್ತಿಯಾದವಳ ಬಾಯಿಗೆ ಬೀಗ ಇರುವುದಿಲ್ಲವಲ್ಲ, ಅದಕ್ಕೇ ಈ ಪತ್ರ.

ದಡಾರ ತಿರುಗಿ ಬರುತ್ತಿದೆ. ನಮ್ಮ ಕಡೆ ಗೊಬ್ಬರ ಅಂತಲೂ ಅಮ್ಮ ಅಂತಲೂ ಕರೆಯುವ ಈ ಕಾಯಿಲೆಯನ್ನು ತನ್ನ ನೆಲದಿಂದ ಓಡಿಸಿದ್ದೇನೆ ಅಂತ ಅಮೆರಿಕ 2000ದಲ್ಲೇ ಸಾರಿತ್ತು. 2025ರಲ್ಲಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಬಂತು. ಟೆಕ್ಸಾಸ್‌ನಲ್ಲಿ ಲಸಿಕೆ ಹಾಕಿಸದಿದ್ದ ಎರಡು ಮಕ್ಕಳು ತೀರಿಹೋದವು. ಅದೇ ವರ್ಷ ನವೆಂಬರಿನಲ್ಲಿ ಕೆನಡಾ ದಡಾರಮುಕ್ತ ಅನ್ನುವ ಪಟ್ಟ ಕಳೆದುಕೊಂಡಿತು. ಅಷ್ಟು ದೂರ ಯಾಕೆ? 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯಲ್ಲಿ, ಒಂದರ ಗೋಡೆಗೆ ಇನ್ನೊಂದು ಒರಗಿದಂಥ ಮನೆಗಳಲ್ಲಿ, ಮಕ್ಕಳು ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. 2023ಕ್ಕೆ ದಡಾರವನ್ನು ಮುಗಿಸುತ್ತೇವೆ ಅಂದಿದ್ದ ನಮ್ಮ ದೇಶ ಗಡುವನ್ನು 2026ಕ್ಕೆ ಒಯ್ದಿದೆ.

ಇದು ಹರಡುವಷ್ಟು ಜೋರಾಗಿ ಹರಡುವ ಕಾಯಿಲೆ ಇನ್ನೊಂದಿಲ್ಲ ಅಂತಲೇ ಹೇಳಬಹುದು. ಲಸಿಕೆ ಇಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಜನಕ್ಕೆ ಹೋಗುತ್ತದೆ. ದಡಾರದ ಮಗು ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ಹೊತ್ತು ವೈರಸ್ ಜೀವ ಹಿಡಿದಿರುತ್ತದೆ. ಹಾಗಾಗಿಯೇ 100ಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಲೇಬೇಕು ಅನ್ನುವುದು. ಆದರೆ ಸಭೆಯಲ್ಲಿ ಪರದೆ ಮೇಲೆ ತೋರಿಸುವ ಜಿಲ್ಲೆಯ ಶೇಕಡಾವಾರು ನೋಡಿ ನೀವು ಸಮಾಧಾನಪಡಬೇಡಿ. ಮಂಡ್ಯದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ ಪೂರ್ತಿ 124.80 ಅಡಿ ನೀರು ನಿಂತಿತು ಅಂದಮಾತ್ರಕ್ಕೆ ವಿ.ಸಿ. ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಹತ್ತಿತು ಅಂತಲ್ಲ. ದಡಾರ ಹುಡುಕಿಕೊಂಡು ಹೋಗುವುದು ಆ ಕೊನೇ ಭಾಗವನ್ನೇ.

ಆ ಕೊನೇ ಭಾಗದ ಒಂದು ಮನೆಯ ಕತೆ ಹೇಳಬೇಕು. ಅದರಲ್ಲಿ ತಪ್ಪು ನನ್ನದು.

2017ರ ಫೆಬ್ರುವರಿ. ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಅಭಿಯಾನ ಶುರುವಾಗಿತ್ತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗೆ ಎಲ್ಲ ಮಕ್ಕಳಿಗೂ. ವಾಟ್ಸ್ಆ್ಯಪ್‌ನಲ್ಲಿ ಏನೇನೋ ಓಡಾಡುತ್ತಿತ್ತು, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಂಡವರು ಬೇಕಾದಷ್ಟು ಜನ. ಮಳವಳ್ಳಿ ಕಡೆಯ ಒಂದು ಊರು, ಅಂಗನವಾಡಿ ಜಗಲಿ, ಹೊರಗೆ ಉದ್ದನೆಯ ಸಾಲು. ಹತ್ತು ತಿಂಗಳ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಒಬ್ಬಳು ಬಂದಳು. ಒಂಬತ್ತನೇ ತಿಂಗಳ ಇಂಜೆಕ್ಷನ್ ತಪ್ಪಿಹೋಗಿತ್ತು. "ಇದು ಹಾಕ್ಸುದ್ರೆ ಏನಾರ ಆಯ್ತದಾ ಸಿಸ್ಟ್ರೇ?" ಅಂದಳು. ಸಾಲಿನಲ್ಲಿ ಇನ್ನೂ ನಲವತ್ತು ಮಕ್ಕಳಿದ್ದವು. ಅಭಿಯಾನದ ಲೆಕ್ಕ ಮಧ್ಯಾಹ್ನವೇ ಫೋನಿನಲ್ಲಿ ಹೇಳಬೇಕಿತ್ತು. "ಏನೂ ಆಗಲ್ಲ ಕಣವ್ವ, ತೋಳು ಗಟ್ಟಿಯಾಗಿ ಹಿಡ್ಕೊ" ಅಂದೆ.

ಎಂಟನೇ ದಿನ ರಾತ್ರಿ ಕೂಸಿಗೆ ಜ್ವರ ಬಂತು. ಮರುದಿನ ಎದೆ, ಬೆನ್ನಿನ ಮೇಲೆ ಸಣ್ಣಗೆ ಕೆಂಪು ಗುಳ್ಳೆ. ಗಂಡ ಲಾರಿ ಮೇಲೆ ಹೋಗಿದ್ದ. ಅತ್ತೆ ಬೇವಿನ ಸೊಪ್ಪು ತಂದು ಹಾಸಿ, "ಅಮ್ಮನ್ನ ಸೂಜೀಲಿ ಮನೆಗೆ ಕರ್ಕೊಂಡ್ ಬಂದೆ" ಅಂತ ಸೊಸೆಯ ತಲೆ ಮೇಲೆ ಹೊರಿಸಿದಳು. ಮೂರು ದಿನಕ್ಕೆ ಕೂಸು ಸರಿಹೋಯಿತು, ಸೊಸೆಯ ಮೇಲಿನ ಮಾತು ಸರಿಹೋಗಲಿಲ್ಲ. ಇದ್ಯಾವುದೂ ನನಗೆ ಗೊತ್ತೇ ಇರಲಿಲ್ಲ. ನಾನು ಆಗ ಬೇರೆ ಊರಿನ ಜಗಲಿ ಮೇಲೆ ಕೂತು ಬೇರೆ ತಾಯಂದಿರಿಗೆ ಏನೂ ಆಗಲ್ಲ ಅನ್ನುತ್ತಿದ್ದೆ.

ಎರಡನೇ ಡೋಸಿಗೆ ಅವಳು ಬರಲಿಲ್ಲ. ಆಮೇಲೆ ಹುಟ್ಟಿದ ಎರಡನೇ ಮಗುವನ್ನೂ ಒಂಬತ್ತು ತಿಂಗಳಿಗೆ ತರಲಿಲ್ಲ. ಆಶಾ, ಅಂಗನವಾಡಿ ಟೀಚರ್, ನಾನು, ಮೂವರೂ ಒಟ್ಟಿಗೆ ಹೋದೆವು. ಬಾಗಿಲ ಸಂದಿನಿಂದಲೇ ಮಾತು ಬಂತು: "ಚುಚ್ಚೋಕೆ ಮೂರ್ ಜನ ಬತ್ತೀರಿ. ಆವತ್ತು ಮಗ ಕೆಂಡದಂಗೆ ಸುಡ್ತಿದ್ದಾಗ ಒಬ್ರಾರ ಬಂದ್ರಾ?" ನಾಲ್ಕು ಸಲ ಹೋದೆ. ಲಸಿಕೆ ಬಾಕಿ ಇರುವ ಮಕ್ಕಳ ಡ್ಯೂ ಲಿಸ್ಟಿನಲ್ಲಿ ಆ ಹೆಸರಿನ ಮುಂದೆ ‘ನಿರಾಕರಣೆ’ ಅಂತ ಬರೆದೆ. ಬರೆದು ಮುಗಿಸಿದರೆ ನಮ್ಮ ಕಡೆಯಿಂದ ಕೆಲಸ ಮುಗಿದ ಹಾಗೆ, ನೋಡಿ. ಕಾಗದದಲ್ಲಿ ತಪ್ಪು ತಾಯಿಯದಾಗುತ್ತದೆ.

ಐದನೇ ಸಲ ನಾನೊಬ್ಬಳೇ ಹೋದೆ. ಅದು 2019ರ ಡಿಸೆಂಬರ್, ನಾವು ಲಸಿಕೆ ಹಾಕುವ ಗುರುವಾರವಲ್ಲದ ಒಂದು ದಿನ. ವ್ಯಾಕ್ಸಿನ್ ಕ್ಯಾರಿಯರ್ ಇಲ್ಲ, ರಿಜಿಸ್ಟರ್ ಇಲ್ಲ. ಜಗಲಿ ಮೇಲೆ ಮೊರದ ತುಂಬ ನೆನೆಹಾಕಿದ ಅವರೆಕಾಳು ಇಟ್ಟುಕೊಂಡು ಹಿದುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ತಗೊಂಡು ಹಿದುಕೋಕೆ ಶುರುಮಾಡಿದೆ. ಒಂದಷ್ಟು ಹೊತ್ತು ಅವಳೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಆಮೇಲೆ ಹೇಳಿದೆ, "ಆವತ್ತು ನಾನು ನಿಂಗೆ ಸುಳ್ಳು ಹೇಳ್ದೆ ಕಣವ್ವ. ಏನೂ ಆಗಲ್ಲ ಅಂದೆ. ಕೆಲವು ಮಕ್ಕಳಿಗೆ ಆಯ್ತದೆ."

ಕಾಳು ಹಿದುಕುತ್ತಿದ್ದ ಅವಳ ಕೈ ನಿಂತಿತು.

ಎಲ್ಲ ಹೇಳಿದೆ. ಹುಟ್ಟಿದ ಒಂದೂವರೆ ತಿಂಗಳಿಗೆ ತೊಡೆಗೆ ಹಾಕುವ, ಐದು ಕಾಯಿಲೆ ತಡೆಯುವ ಪೆಂಟಾ ಲಸಿಕೆಯ ಜ್ವರ ಅದೇ ರಾತ್ರಿ ಬಂದು ಹೋಗುತ್ತದೆ, ಅದು ಎಲ್ಲ ತಾಯಂದಿರಿಗೂ ಗೊತ್ತು. ದಡಾರದ್ದು ಹಾಗಲ್ಲ. ಅದರಲ್ಲಿರುವುದು ಶಕ್ತಿಗುಂದಿಸಿದ, ಆದರೆ ಜೀವ ಇರುವ ವೈರಸ್. ಅದು ಮೈಯೊಳಗೆ ಬೆಳೆದು, ಮೈ ಅದನ್ನು ಗುರುತು ಹಿಡಿಯೋಕೆ ಒಂದು ವಾರವಾದರೂ ಬೇಕು. ಜ್ವರ ಬಂದರೆ 7ರಿಂದ 12 ದಿನದ ಒಳಗೆ. 100 ಮಕ್ಕಳಲ್ಲಿ 5ರಿಂದ 15ಕ್ಕೆ ಬರಬಹುದು, ಅದರಲ್ಲಿ ಕೆಲವಕ್ಕೆ ಗುಳ್ಳೆಯೂ ಏಳಬಹುದು. ಎರಡು ಮೂರು ದಿನ ಇದ್ದು ಹೋಗುತ್ತದೆ, ಇನ್ನೊಬ್ಬರಿಗೆ ಅಂಟುವುದಿಲ್ಲ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು: "ಇದ್ನ ಮುಂಚೇನೇ ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?"

ಮುಂದಿನ ಗುರುವಾರ ಎರಡು ಮಕ್ಕಳನ್ನೂ ಕರಕೊಂಡು ಬಂದಳು. ಎಂಟನೇ ದಿನ ನಾನು ಅವಳ ಮನೆಗೆ ಹೋದೆ. ಚಿಕ್ಕದು ಅಂಗಳದಲ್ಲಿ ಕೋಳಿ ಹಿಂದೆ ಅಂಬೆಗಾಲಿಡುತ್ತಿತ್ತು, ಮೈ ತಣ್ಣಗಿತ್ತು. "ಜ್ವರ ಬತ್ತದೆ ಅಂದ್ರಿ, ಬರ್ಲೇ ಇಲ್ವಲ್ಲ" ಅಂತ ಅದಕ್ಕೂ ತಕರಾರು ತೆಗೆದಳು. ಕಾಫಿ ಮಾತ್ರ ಕೊಟ್ಟಳು.

ನಾನು ಬೇಡುವುದು ಆ ಎಂಟನೇ ದಿನವನ್ನು, ಸಾರ್. ಹೊಸ ಕ್ಯಾಂಪು ಬೇಡ, ಫ್ಲೆಕ್ಸು ಬೇಡ, ಜಾಥಾ ಬೇಡ. ಆಶಾ ಹೇಗೂ ಮಗುವಿನ 3, 6, 9, 12, 15ನೇ ತಿಂಗಳಿಗೆ ಮನೆಭೇಟಿ ಮಾಡಲೇಬೇಕು. ಒಂಬತ್ತನೇ ತಿಂಗಳ ಭೇಟಿಯನ್ನು ಇಂಜೆಕ್ಷನ್ ಆದ ಎಂಟನೇ ದಿನಕ್ಕೆ ಹೊಂದಿಸಿಕೊಳ್ಳಿ ಅಂತ ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಖಜಾನೆಯಿಂದ ಹೆಚ್ಚಿಗೆ ದುಡ್ಡೂ ಬೇಕಾಗುವುದಿಲ್ಲ. ಮಗುವಿಗೆ ಒಂದು ವರ್ಷದೊಳಗೆ ಎಲ್ಲ ಲಸಿಕೆ ಆದರೆ ಆಶಾಗೆ 100 ರೂಪಾಯಿ ಪ್ರೋತ್ಸಾಹಧನ. ಚುಚ್ಚಿಸಿದ್ದಕ್ಕೆ ಲೆಕ್ಕ ಇದೆ, ಚುಚ್ಚಿದ ಮೇಲೆ ವಿಚಾರಿಸಿದ್ದಕ್ಕೆ ಲೆಕ್ಕವೇ ಇಲ್ಲ. ನರ್ಸಮ್ಮನಿಗೋ ರಿಜಿಸ್ಟರು ಬೇರೆ, ಕಂಪ್ಯೂಟರಿನಲ್ಲಿ ತಾಯಿ-ಮಕ್ಕಳ ಲೆಕ್ಕದ ಆರ್‌ಸಿಎಚ್ ಪೋರ್ಟಲ್ ಬೇರೆ, ಲಸಿಕೆ ಲೆಕ್ಕದ ಯು-ವಿನ್ ಬೇರೆ. ಶುಕ್ರವಾರವೆಲ್ಲ ಗುರುವಾರದ ಲೆಕ್ಕ ಏರಿಸುವುದರಲ್ಲೇ ಕಳೆದುಹೋಗುತ್ತದೆ.

ಒಂಬತ್ತನೇ ತಿಂಗಳ ಗುರುವಾರವನ್ನು ನೀವೊಮ್ಮೆ ಕಣ್ಣಾರೆ ನೋಡಬೇಕು. ಬಲತೋಳಿಗೆ ದಡಾರ-ರುಬೆಲ್ಲಾದ ಎಂಆರ್, ಎಡತೋಳಿಗೆ ಪೋಲಿಯೋದ ಚುಚ್ಚುಮದ್ದು, ತೊಡೆಗೆ ನ್ಯುಮೋನಿಯಾದ್ದು, ನಮ್ಮದು ಮಿದುಳು ಜ್ವರದ ಜಿಲ್ಲೆಯಾದ್ದರಿಂದ ಜೆಇ ಬೇರೆ. ಒಂದೇ ದಿನ ನಾಲ್ಕು ಚುಚ್ಚು, ಮೇಲೆ ಬಾಯಿಗೆ ವಿಟಮಿನ್ ಎ. ಮೂರನೆಯದಕ್ಕೆ ಮಗುವಿಗೆ ಅಳೋಕೆ ಉಸಿರೇ ಉಳಿದಿರುವುದಿಲ್ಲ. "ಒಂದ್ ಇವತ್ತು ಹಾಕಿ, ಮಿಕ್ಕಿದ್ದು ಆಮೇಲೆ" ಅನ್ನುವ ತಾಯಿ ಲಸಿಕೆಯ ವಿರೋಧಿಯಲ್ಲ. ಒಟ್ಟಿಗೆ ಹಾಕುವುದರಿಂದ ತೊಂದರೆ ಇಲ್ಲ, ಬಿಡಿಬಿಡಿಯಾಗಿ ಹಾಕಿಸಿದರೆ ಆ ನಡುವಿನ ವಾರಗಳಲ್ಲಿ ಮಗುವಿಗೆ ರಕ್ಷಣೆ ಇರುವುದಿಲ್ಲ ಅಂತ ಹೇಳೋಕೆ ಎರಡು ನಿಮಿಷ ಬೇಕು. ಆ ಎರಡು ನಿಮಿಷ ಸಾಲಿನಲ್ಲಿ ಸಿಗುವುದಿಲ್ಲ.

ಇನ್ನೊಂದು ವಿಷಯ ಸಭೆಯಲ್ಲಿ ಯಾರೂ ಎತ್ತುವುದಿಲ್ಲ, ನಾನೇ ಎತ್ತುತ್ತೇನೆ. ಎಂಆರ್ ಪುಡಿಯ ರೂಪದಲ್ಲಿ ಬರುತ್ತದೆ. ಅದರದ್ದೇ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದನ್ನು ಎಸೆಯಬೇಕು. ಒಂದು ಸೀಸೆ ಹಲವು ಮಕ್ಕಳಿಗಾಗುತ್ತದೆ. ಒಂದೇ ಮಗು ಬಂದರೂ ಸೀಸೆ ತೆರೆಯಬೇಕು ಅನ್ನುವುದು ನಿಯಮ. ಆದರೆ ತಿಂಗಳ ಕೊನೆಗೆ ‘ವೇಸ್ಟೇಜ್ ಯಾಕೆ ಜಾಸ್ತಿ’ ಅಂತ ಮೇಲಿನವರು ಹುಬ್ಬು ಗಂಟಿಕ್ಕುತ್ತಾರೆ ಅನ್ನುವ ಭಯಕ್ಕೆ, "ಇನ್ನೂ ನಾಲ್ಕ್ ಮಕ್ಕಳಾಗ್ಲಿ, ಮುಂದಿನ ವಾರ ಬಾ" ಅಂತ ತಾಯಿಯನ್ನು ವಾಪಸ್ ಕಳಿಸಿದ್ದುಂಟು. ನಾನೂ ಕಳಿಸಿದ್ದೇನೆ. ಅವಳು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ. ಮುಂದಿನ ವಾರ ಬರದಿದ್ದರೆ ಅವಳದ್ದೂ ಹಿಂಜರಿಕೆಯ ಲೆಕ್ಕಕ್ಕೇ ಸೇರುತ್ತದೆ.

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಈ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಹೋದವು. ಲಸಿಕೆಯನ್ನು ಇಡಬೇಕಾದ ರೀತಿಯಲ್ಲಿ ಇಟ್ಟಿರಲಿಲ್ಲ ಅಂತ ಆಗ ಪತ್ರಿಕೆಗಳಲ್ಲಿ ಬಂತು. ಆ ಸುದ್ದಿ ನಮ್ಮ ಹಳ್ಳಿಗಳ ಫೋನುಗಳಿಗೂ ಬಂದಿತ್ತು. ಅದಾದ ಮೇಲೆ ಯಾವ ತಾಯಿ ಕೇಳಿದರೂ "ಅದೆಲ್ಲ ಸುಳ್ಳು, ನಂಬಬೇಡ" ಅನ್ನಬೇಡಿ ಅಂತ ನನ್ನ ಕೈಕೆಳಗಿನ ಹುಡುಗಿಯರಿಗೆ ಹೇಳಿದೆ. ಸುಳ್ಳಲ್ಲವಲ್ಲ. ನಾನು ಸೀಸೆಯನ್ನೇ ತಾಯಿಯ ಕೈಗೆ ಕೊಡುತ್ತಿದ್ದೆ. ಅದರ ಮೇಲೆ ಒಂದು ಉರುಟು ಗುರುತು, ಒಳಗೊಂದು ಚೌಕ. ಚೌಕ ಸುತ್ತಲಿನ ಉರುಟಿಗಿಂತ ತಿಳಿಯಾಗಿದ್ದರೆ ಮದ್ದು ಬಿಸಿಗೆ ಕೆಟ್ಟಿಲ್ಲ, ಕಪ್ಪಾಗಿದ್ದರೆ ಹಾಕುವ ಹಾಗಿಲ್ಲ. ಬೆರೆಸಿದ ಗಂಟೆಯನ್ನು ಅವಳ ಎದುರೇ ಸೀಸೆಯ ಮೇಲೆ ಬರೆಯುತ್ತಿದ್ದೆ. ಎಂದೂ ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೊಬ್ಬಳು ಚೌಕವನ್ನು ದಿಟ್ಟಿಸಿ ನೋಡಿ, "ಬೆಳ್ಳಗದೆ, ಹಾಕಿ" ಅಂತ ಅಪ್ಪಣೆ ಕೊಟ್ಟಳು. ಅಷ್ಟು ದೊಡ್ಡ ಅನುಮೋದನೆ ನನ್ನ ಸರ್ವೀಸಿನಲ್ಲಿ ಇನ್ನೊಂದು ಸಿಗಲಿಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಮೈಮೇಲೆ ಗುಳ್ಳೆ ಎದ್ದ ಮಗುವಿರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಮಗುವಿಗೆ ಮೊಸರನ್ನ, ಮಾರಮ್ಮನಿಗೆ ತಂಬಿಟ್ಟು. ಇದನ್ನು ಮೂಢನಂಬಿಕೆ ಅಂತ ಹೊಸ ಡಾಕ್ಟರುಗಳು ಗೇಲಿ ಮಾಡಿದಾಗ ನನಗೆ ಸಿಟ್ಟು ಬರುತ್ತಿತ್ತು. ಮಗುವನ್ನು ಬೇರೆ ಮಲಗಿಸಿ, ಮೆತ್ತಗಿನದು ತಿನ್ನಿಸಿ, ಜನರನ್ನು ದೂರ ಇಡುವುದರಲ್ಲಿ ತಪ್ಪೇನಿದೆ? ತೊಡಕು ಒಂದೇ: ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ದಡಾರ ಬೇರೆಯವರಿಗೆ ಅಂಟೋಕೆ ಶುರುವಾಗಿರುತ್ತದೆ. ಬಾಗಿಲಿಗೆ ಬೇವು ಬೀಳುವ ಹೊತ್ತಿಗೆ ಅದು ಬೀದಿ ದಾಟಿರುತ್ತದೆ. ಇನ್ನೊಂದು, ಅಮ್ಮ ಬಂದಾಗ ಆಸ್ಪತ್ರೆಗೆ ಹೋಗಬಾರದು ಅನ್ನುವ ಕಟ್ಟಳೆ. ಮಕ್ಕಳು ಸಾಯುವುದು ಗುಳ್ಳೆಯಿಂದಲ್ಲ, ಆಮೇಲೆ ಬರುವ ನ್ಯುಮೋನಿಯಾ, ಭೇದಿಯಿಂದ; ಕೆಲವರ ಕಣ್ಣು ಹೋಗುತ್ತದೆ. 2023ರ ಒಂದೇ ವರ್ಷ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದಡಾರದಿಂದ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

ಇಂಥ ಮನೆಗೆ ಹೋದರೆ ನಾನು ಚಪ್ಪಲಿ ಬೀದಿಯಲ್ಲೇ ಬಿಟ್ಟು, ಕಾಲು ತೊಳೆದು ಒಳಗೆ ಹೋಗುತ್ತಿದ್ದೆ. "ಅಮ್ಮಂಗೆ ತಂಪು ಮಾಡೋದನ್ನ ನೀವು ಮಾಡಿ. ಕಣ್ಣಿಗೆ ಏನೂ ಆಗದಂಗೆ ಬಾಯಿಗೆ ಈ ಸಿರಪ್ ಇವತ್ತೊಂದ್ಸಲ, ನಾಳೆ ಒಂದ್ಸಲ ನಾನ್ ಹಾಕ್ತೀನಿ" ಅನ್ನುತ್ತಿದ್ದೆ. ಅದು ವಿಟಮಿನ್ ಎ. ಸೂಜಿ ಅಲ್ಲವಾದ್ದರಿಂದ ಯಾರೂ ಬೇಡ ಅನ್ನುತ್ತಿರಲಿಲ್ಲ. ಉಸಿರು ಏರಿದರೆ, ಎದೆಗೂಡು ಒಳಕ್ಕೆ ಎಳೆದರೆ ಅಮ್ಮನಿಗೆ ಕಾಣಿಕೆ ಕಟ್ಟಿಟ್ಟು ಆಸ್ಪತ್ರೆಗೆ ಹೊರಡಿ ಅಂತ ಹೇಳಿ ಬರುತ್ತಿದ್ದೆ. ಕಾಣಿಕೆ ಕಟ್ಟಿಟ್ಟೇ ಹೊರಟವರೂ ಇದ್ದಾರೆ.

ಇದೆಲ್ಲ ಹಳ್ಳಿಯವರ ಕತೆ ಅಂದುಕೊಳ್ಳಬೇಡಿ. ಮೈಸೂರಿನ ಕುವೆಂಪುನಗರದಲ್ಲಿ ನನ್ನ ಮಗಳ ಮನೆ. ಮಹಡಿ ಮೇಲೆ ಬಾಡಿಗೆಗಿರುವ ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು. ಹದಿನಾಲ್ಕು ತಿಂಗಳ ಮಗುವಿಗೆ ದಡಾರದ ಒಂದು ಡೋಸೂ ಆಗಿರಲಿಲ್ಲ. "ನ್ಯಾಚುರಲ್ ಆಗಿ ಬರೋ ಇಮ್ಯುನಿಟಿನೇ ಬೆಸ್ಟ್ ಅಲ್ವಾ ಆಂಟಿ? ಆಟಿಸಂ ಬರತ್ತೆ ಅಂತಾನೂ ಓದಿದೀನಿ" ಅಂದ ಆ ಹುಡುಗ. ನಾನು ಗೊತ್ತಿರುವುದನ್ನೆಲ್ಲ ಅವನ ಮೇಲೆ ಸುರಿದೆ. 1998ರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯ ಬರೀ ಹನ್ನೆರಡು ಮಕ್ಕಳನ್ನಿಟ್ಟುಕೊಂಡು ಬರೆದ ಲೇಖನ ಅದು. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ತಗೊಂಡಿತು, ಆ ವೈದ್ಯನ ನೋಂದಣಿಯೂ ಹೋಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಗಮನಿಸಿ 2019ರಲ್ಲಿ ಸಂಬಂಧವೇ ಇಲ್ಲ ಅಂತ ಹೇಳಿದರು. ದಡಾರ ಬಂದುಹೋದರೆ ಬೇರೆ ಕಾಯಿಲೆಗಳ ಎದುರು ಮೈ ಅಲ್ಲಿವರೆಗೆ ಕಲಿತದ್ದನ್ನೂ ಒರೆಸಿಹಾಕುತ್ತದೆ, ನೀನು ಹೇಳುವ ನ್ಯಾಚುರಲ್ಲಿಗೆ ಕೊಡಬೇಕಾದ ಬೆಲೆ ಅದು ಅಂದೆ. ಅವನು "ಹೂಂ ಆಂಟಿ, ಹೂಂ ಆಂಟಿ" ಅಂದು ಮೇಲೆ ಹೋದ. ಒಂದಿಷ್ಟೂ ಅಲುಗಲಿಲ್ಲ. 31 ವರ್ಷ ಆದ ಮೇಲೂ ನನಗೆ ಬುದ್ಧಿ ಬಂದಿರಲಿಲ್ಲ ಅನ್ನಿ.

ವಾರ ಬಿಟ್ಟು ಬಟ್ಟೆ ಒಣಹಾಕುವಾಗ ಆ ಹುಡುಗಿ ತಾನಾಗಿ ಬಾಯಿಬಿಟ್ಟಳು. ಅವಳ ಅಕ್ಕನ ಮಗ ಒಂದೂವರೆ ವರ್ಷದವರೆಗೂ ಅಮ್ಮ, ತಾತ ಅನ್ನುತ್ತಿದ್ದವನು ಆಮೇಲೆ ಮಾತು ನಿಲ್ಲಿಸಿದನಂತೆ. ಎರಡನೇ ಡೋಸ್ ಹಾಕಿಸಿದ್ದು ಅದೇ ತಿಂಗಳು. ಆಗ ನಾನು ಡೆನ್ಮಾರ್ಕಿಗೆ ಹೋಗಲಿಲ್ಲ. ಆ ಮಗು ಈಗ ಹೇಗಿದೆ, ಅಕ್ಕ ಹೇಗಿದ್ದಾಳೆ ಅಂತ ವಿಚಾರಿಸಿದೆ. ಎರಡನೇ ಡೋಸ್ ಹಾಕುವುದು 16ರಿಂದ 24 ತಿಂಗಳ ನಡುವೆ. ಆಟಿಸಂ ಇರುವ ಮಕ್ಕಳಲ್ಲಿ ಮನೆಯವರಿಗೆ ವ್ಯತ್ಯಾಸ ಕಣ್ಣಿಗೆ ಬೀಳುವುದೂ ಹೆಚ್ಚಾಗಿ ಅದೇ ವಯಸ್ಸಿನಲ್ಲಿ. ಎರಡೂ ಒಂದೇ ಹೊತ್ತಿಗೆ ಬಂದಾಗ ಒಂದರಿಂದ ಇನ್ನೊಂದು ಆಯಿತು ಅನ್ನಿಸದೆ ಇರುವುದಿಲ್ಲ ಅಂತ ಆಮೇಲೆ ಹೇಳಿದೆ. ಮೊದಲನೇ ಡೋಸ್ ಹಾಕಿಸಿದ್ದಾರೆ. ಎರಡನೆಯದಕ್ಕೆ ಇನ್ನೂ "ನೋಡೋಣ ಆಂಟಿ". ನೋಡೋಣ.

ಕಬ್ಬು ಕಡಿಯೋಕೆ ಬಳ್ಳಾರಿ, ವಿಜಯನಗರ ಕಡೆಯಿಂದ ಬರುವವರ ಗುಡಿಸಲುಗಳಲ್ಲಿ ಹಿಂಜರಿಕೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಲಸಿಕೆ ಬರೆದಿಡುವ ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿರುತ್ತದೆ. ಅಲ್ಲಿಯ ಆಶಾ ‘ಊರಲ್ಲಿಲ್ಲ’ ಅಂತ ಬರೆಯುತ್ತಾಳೆ, ಇಲ್ಲಿಯವಳು ‘ನಮ್ಮವರಲ್ಲ’ ಅನ್ನುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಗದ್ದೆಯಲ್ಲಿರುತ್ತಾರೆ, ಸಂಜೆ ಆರಕ್ಕೆ ಹೋದರೆ ಮಕ್ಕಳನ್ನು ಮುಂದೆ ನಿಲ್ಲಿಸಿ ತೋಳು ಚಾಚಿಸುತ್ತಾರೆ. ಸಂಜೆ ಆರಕ್ಕೆ ಸೆಷನ್ ಇಡಿಸಿ, ಅಷ್ಟೇ.

ಹೆದರಿಸುವ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಕೋವಿಡ್ ಕಾಲದಲ್ಲಿ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ ಅಂತ ನಮ್ಮ ಬಾಯಲ್ಲೇ ಹೇಳಿಸಿದ್ದರು. ಜನ ಸೂಜಿ ಹಾಕಿಸಿಕೊಂಡರು ನಿಜ. ಆದರೆ ಅದಾದ ಮೇಲೆ ಕೆಲವು ಬೀದಿಗಳಲ್ಲಿ ನಮ್ಮ ಲಸಿಕೆಯ ನೀಲಿ ಡಬ್ಬಿ ಕಂಡರೆ ಬಾಗಿಲು ಮುಚ್ಚೋಕೆ ಶುರುವಾಯಿತು. ಸಿಡುಬಿನ ಲಸಿಕೆ ಈ ಸೀಮೆಗೆ ಬಂದಾಗ, 1805ರ ಸುಮಾರಿಗೆ, ಮೈಸೂರು ಅರಮನೆಯ ರಾಣಿಯರು ಚಿತ್ರಕಾರನ ಮುಂದೆ ನಿಂತರಂತೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಸೀರೆ ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳನ್ನೇ ಅಂತ ಇತಿಹಾಸಕಾರರೊಬ್ಬರು ಗುರುತಿಸಿದ್ದಾರೆ. ಅರಮನೆಯವರಿಗೇ ಆಜ್ಞೆ ಸಾಲದು, ತೋಳು ತೋರಿಸಬೇಕು ಅನ್ನಿಸಿರಬಹುದು. ನಿಮ್ಮ ಅಧಿಕಾರಿಗಳ ಮನೆಗಳಲ್ಲಿ ಒಂಬತ್ತು ತಿಂಗಳ ಕೂಸಿದ್ದರೆ ಮೈಸೂರಿನ ಖಾಸಗಿ ಕ್ಲಿನಿಕ್ಕಿಗೆ ಒಯ್ಯದೆ ನಮ್ಮ ಅಂಗನವಾಡಿ ಜಗಲಿಗೆ ಕರಕೊಂಡು ಬರಲಿ. ಸಾಲಿನಲ್ಲಿ ನಿಲ್ಲಲಿ. ಫೋಟೋದವರು ಬೇಡ.

ಮುಂದಿನ ಟಾಸ್ಕ್ ಫೋರ್ಸ್ ಸಭೆಗೆ ಎರಡು ಕುರ್ಚಿ ಹೆಚ್ಚಿಗೆ ಹಾಕಿಸಿ. ನನಗಲ್ಲ, ನಾನು ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಆರಾಮಾಗಿದ್ದೇನೆ. ಈಗ ಕೆಲಸದಲ್ಲಿರುವ ಒಬ್ಬ ನರ್ಸಮ್ಮ, ಒಬ್ಬ ಆಶಾ ಬಂದು ಕೂರಲಿ, ಎಂಟನೇ ದಿನದ ವಿಷಯ ಅವರನ್ನೇ ಕೇಳಿ. ಸಭೆ ಮಾತ್ರ ಗುರುವಾರ ಇಡಬೇಡಿ, ಅವತ್ತು ಅವರಿಗೆ ಬಿಡುವಿರುವುದಿಲ್ಲ.

ಇತಿ,
ನಿವೃತ್ತ ನರ್ಸಮ್ಮ
ಮಂಡ್ಯ